ಬೋರ್ ಮಾಡಿಸಿದ ಗಾಡಿ

ಮೊನ್ನೆ ಕಲಘಟಗಿಯಲ್ಲಿ ಔಷಧಿ ಅಂಗಡಿಯ ಮುಂದೆ ನಿಂತಿದ್ದೆ. ಯಾರೋ ಒಂದು ಮೋಟಾರ್ ಸೈಕಲ್ ತಂದು ನನ್ನ ಪಕ್ಕಕ್ಕೆ ನಿಲ್ಲಿಸಿ ಎದುರಿನ ಅಂಗಡಿಗೆ ಹೋದರು. ಇಂಜಿನ್ ಬಂದ್ ಆದ ಮೇಲೂ ಅದರ ಮೈಯಿಂದ ಕಾದ ಆಯಿಲಿನ ಕಮಟು ಏಳುತ್ತಿತ್ತು. ಉಳಿದವರು ಮೂಗು ಮುಚ್ಚಿಕೊಂಡು ಸರಿದು ನಿಂತರೆ, ನಾನು ಬಗ್ಗಿ ಅದರ ಸೈಲೆನ್ಸರ್ ನೋಡತೊಡಗಿದೆ. ಕಂಪನಿಯದಲ್ಲ, ಬೇರೆ ತಂದು ಕೂಡಿಸಿದ್ದು.

"ಅಕ್ಕೋರ, ಏನರ ಬಿತ್ತೇನ್ರಿ?" ಎಂದು ಅಂಗಡಿಯವರು ಕೇಳಿದರು. ಶಾಲೆ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಏನೂ ಬಿದ್ದಿಲ್ಲ ಎಂದೆ. ಅಕ್ಕೋರಾದವಳು ಕಂಡವರ ಗಾಡಿಯನ್ನು ಪೊಲೀಸರಂತೆ ತಪಾಸಣೆ ಮಾಡುವುದೇಕೆ ಎಂಬುದನ್ನು ರಸ್ತೆಯಲ್ಲಿ ನಿಂತು ಹೇಳಲಾಗದು. ನಿಮಗಾದರೆ ಹೇಳಬಹುದು, ನಿಮಗೆ ಬಸ್ ಹಿಡಿಯುವ ಅವಸರ ಇದ್ದಂತಿಲ್ಲ.

ನನ್ನ ಅಕ್ಕನ ಗಂಡ, ನಾನು ಮಾಮಾ ಎನ್ನುವವರು, ಆಗ ಕಲಘಟಗಿಯ ದನದ ದವಾಖಾನೆಯಲ್ಲಿ ಕೆಲಸಕ್ಕಿದ್ದರು. ದೊಡ್ಡ ಡಾಕ್ಟರಲ್ಲ. ಆದರೆ ಎಮ್ಮೆಗಳಿಗೆ ಸರ್ಟಿಫಿಕೇಟು ಓದಲು ಬರುವುದಿಲ್ಲವಾದ್ದರಿಂದ ಜನರೂ ಅವರನ್ನು ಡಾಕ್ಟರೆಂದೇ ಕರೆಯುತ್ತಿದ್ದರು. ನಾನು ಹೊಸದಾಗಿ ದೇವಿಕೊಪ್ಪದ ಶಾಲೆಗೆ ಸೇರಿ ಅಕ್ಕನ ಮನೆಯಲ್ಲಿದ್ದೆ. ಮಾಮಾ ಆ ಕಡೆ ಹೊರಟ ದಿನ ಅವರ ಗಾಡಿಯ ಹಿಂದೆ ಕೂತು ಹೋಗುತ್ತಿದ್ದೆ. ಹಳೆಯ ಗಾಡಿ, ಸ್ವಭಾವದಲ್ಲಿ ಸಾಧು. ಅಡವಿಯ ಏರು ಬಂತೆಂದರೆ ಮಾತ್ರ ದಮ್ಮು ಹತ್ತಿದವರಂತೆ ಏದುಸಿರು ಬಿಡುತ್ತಿತ್ತು. ಒಂದು ಮಳೆಗಾಲ ಯಾರದೋ ಆಕಳು ಕರು ಹಾಕಲಾರದೆ ಒದ್ದಾಡಿ, ಮಾಮಾ ಮುಟ್ಟುವಷ್ಟರಲ್ಲಿ ಸತ್ತುಹೋಯಿತು. ಆವತ್ತು ಅವರು ಊಟ ಮಾಡಲಿಲ್ಲ. ಅದಾದ ಮೇಲೆ ಪ್ರತಿ ಐತವಾರ ಮನೆಯಿಂದ ಕಾಣೆಯಾಗತೊಡಗಿದರು.

ನಮ್ಮಕ್ಕ ಹಾಲು ಮಾರುವವನ ಹಾಲನ್ನಷ್ಟೇ ಅಲ್ಲ, ಅವನು ಹೇಳುವ ಮಳೆಯ ಸುದ್ದಿಯನ್ನೂ ನಂಬದವಳು. ಎಲ್ಲಿಗೆ ಹೋಗಿದ್ದಿರಿ ಎಂದರೆ ಮಾಮಾ, ಆಯಿಲ್ ಬದಲಿ ಮಾಡಿಸಲಿಕ್ಕೆ ಎನ್ನುತ್ತಿದ್ದರು.

"ವಾರಾ ವಾರಾ ಎಣ್ಣಿ ಹಾಕಾಕ ಅದೇನ್ ಗಾಡೀನೋ, ಶನಿದೇವರೋ?" ಎಂದು ಅಕ್ಕ ನನ್ನ ಹತ್ತಿರ ಗೊಣಗಿದಳು. ಆಯಿಲಿಗಿಂತ ಹೆಚ್ಚಾಗಿ ಅವರು ನಗುತ್ತ ಮನೆಗೆ ಬರುವುದು ಅವಳಿಗೆ ಸರಿ ಕಾಣುತ್ತಿರಲಿಲ್ಲ. "ಗಂಡಸು ಕಾರಣಿಲ್ದ ನಗಾಕತ್ತಾನಂದ್ರ ಏನೋ ಮುಚ್ಚಿಟ್ಟಾನಂತನಽ ಅರ್ಥ. ನೀ ಹೋಗಿ ನೋಡ್ಕೊಂಡ್ ಬಾ."

ನಾನು ಕಾಯಿಪಲ್ಯದ ಚೀಲ ಹಿಡಿದುಕೊಂಡು ಪತ್ತೇದಾರಿಕೆಗೆ ಹೊರಟೆ. ಬಸ್ ಸ್ಟ್ಯಾಂಡಿನ ಹಿಂದೆ ಈರಣ್ಣ ಎಂಬವನ ಗ್ಯಾರೇಜು. ಅಲ್ಲಿ ಗೋಣಿತಟ್ಟಿನ ಮೇಲೆ ನಮ್ಮ ಗಾಡಿಯ ಇಂಜಿನ್ ತುಂಡುತುಂಡಾಗಿ ಹರಡಿತ್ತು. ಮಾಮಾ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ನನ್ನನ್ನು ಕಂಡು ಒಂದಿಷ್ಟು ಗಾಬರಿಯಾದರೂ, ಹೇಳಿಕೊಳ್ಳಲು ಯಾರಾದರೂ ಸಿಕ್ಕಿದ ಖುಷಿಯೇ ಹೆಚ್ಚಾಗಿತ್ತು.

"ಬೋರ್ ಮಾಡ್ಸಾಕತ್ತೇನಿ. ಸಿಲಿಂಡರ್ ಒಳಗ ಅಗಲ ಮಾಡಿ ದೊಡ್ಡ ಪಿಸ್ಟನ್ ಕೂಡಸೂದು. ಗಾಳಿ, ಪೆಟ್ರೋಲ್ ಹೆಚ್ಚಿಗಿ ಒಳಗ ಹೋಕ್ಕಾವ. ಸೈಲೆನ್ಸರ್ ಬ್ಯಾರೆ ಹಾಕಿದ್ರ ಹೊಗಿ ಲಗೂನ ಹೊರಗ ಬರತೈತಿ. ಏರಿನ್ಯಾಗ ನೋಡು ಆಮ್ಯಾಲೆ!"

ಈರಣ್ಣ ದನಿಗೂಡಿಸಿದ. "ಕಂಪನಿಯವ್ರು ಗಾಡಿ ತಾಕತ್ತು ಕಟ್ಟಿ ಹಾಕಿರ್ತಾರ್ರಿ ಅಕ್ಕೋರ. ನಾವು ಬಿಚ್ಚಿ ಬಿಡ್ತೇವಿ, ಅಷ್ಟ."

ಕಟ್ಟಿ ಹಾಕಿದವರಿಗೂ ಏನೋ ಕಾರಣ ಇದ್ದಿರಬೇಕಲ್ಲ ಎಂದು ನನಗೆ ಅನ್ನಿಸಿತು. ಇಂಜಿನ್ನಿನ ಬಗ್ಗೆ ನನಗೆ ಗೊತ್ತಿದ್ದುದು ಅದಕ್ಕೆ ಪೆಟ್ರೋಲ್ ಬೇಕು ಎಂಬುದಷ್ಟೇ. ಹಿಂದೆ ಕೂರುವವಳ ಹೆದರಿಕೆಯಿಂದ, "ಮತ್ತ ಬ್ರೇಕ್?" ಎಂದೆ.

"ಬ್ರೇಕ್ ಮೊದಲಿನವ ಅದಾವಲ್ಲ."

"ಓಡೂದು ಹೆಚ್ಚ ಮಾಡಿ ನಿಲ್ಲೂದು ಅಷ್ಟಽ ಇಟ್ರ ಹೆಂಗ್ರಿ ಮಾಮಾ?"

ಈರಣ್ಣ ತಲೆ ಕೆರೆದುಕೊಂಡು, "ಮುಂದಿನ ಸಲ ಅದನ್ನೂ ಮಾಡೂಣ್ರಿ" ಎಂದ.

ವರದಿ ಕೇಳಿ ಅಕ್ಕ ನಿಟ್ಟುಸಿರು ಬಿಟ್ಟಳು. ಆದರೆ ಒಂದು ಅನುಮಾನ ಹೋದ ಜಾಗದಲ್ಲಿ ಇನ್ನೊಂದು ಬಂದು ಕೂತಿತು. "ಸರ್ಕಾರದ ಕಾಗದದಾಗ ಒಂದ್ ಗಾಡಿ, ರಸ್ತೆದಾಗ ಇನ್ನೊಂದ್ ಗಾಡಿ. ನಾಳೆ ಏನರ ಆದ್ರ ಯಾವ ಗಾಡೀದು ಅಂತ ಹೇಳ್ತೀರಿ?" ಎಂದು ಗಂಡನನ್ನು ಕೇಳಿದಳು.

ಮಾಮಾರ ಪರವಾಗಿ ಉತ್ತರ ಕೊಟ್ಟದ್ದು ಗಾಡಿಯೇ. ದೇವಿಕೊಪ್ಪದ ಹುಸೇನಸಾಬರ ಎಮ್ಮೆಗೆ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿದೆ ಎಂದು ಫೋನ್ ಬಂದಾಗ, ಮಾಮಾ ಏರನ್ನು ಒಂದೇ ಉಸಿರಿಗೆ ಹತ್ತಿ ಹೋಗಿ ಎರಡೂ ಜೀವ ಉಳಿಸಿದರು. "ಡಾಕ್ಟರ್ ಸಾಹೇಬ್ರ ಗಾಡಿ ಸಪ್ಪಳ ಏರಿನ್ಯಾಗ ಕೇಳಿದ್ರ ಸಾಕ್ರಿ, ನಮಗ ಅರ್ಧಾ ಜೀವ ಬಂದಂಗ" ಎಂದು ಹುಸೇನಸಾಬರು ಶಾಲೆಯ ತನಕ ಬಂದು ನನಗೆ ಹೇಳಿದರು. ನಿಜ ಹೇಳುತ್ತೇನೆ, ಆ ಗಾಡಿಯ ಹಿಂದೆ ಕೂತಾಗ ನನಗೂ ಹೆದರಿಕೆಯ ಜೊತೆಗೆ ಒಂದು ಕಳ್ಳ ಸುಖ ಇರುತ್ತಿತ್ತು. ಕಬ್ಬು ತುಂಬಿದ ಟ್ರ್ಯಾಕ್ಟರನ್ನು ಏರಿನಲ್ಲಿ ಹಿಂದೆ ಹಾಕುವಾಗ ಒಂದು ಕೈಯಿಂದ ಸೆರಗು, ಇನ್ನೊಂದರಿಂದ ಸೀಟು ಹಿಡಿದುಕೊಂಡು ಒಳಗೊಳಗೇ ನಗುತ್ತಿದ್ದೆ.

ಆದರೆ ಅನುಮಾನದ ಕಿವಿಗೆ ಬಿಡುವಿಲ್ಲ. ಸಪ್ಪಳದಲ್ಲಿ ಒಂದು ಕಿಟಕಿಟ ಸೇರಿಕೊಂಡಿತು. ಬೇಸಿಗೆ ಬಂದ ಹಾಗೆ ಕಾವು ನನ್ನ ಪಾದದವರೆಗೆ ಬರತೊಡಗಿತು. ಸಂಜೆ ಮಾಮಾ ಬಂದ ಕೂಡಲೆ ಅಕ್ಕ ಅಂಗಳಕ್ಕಿಳಿದು, ಜ್ವರ ನೋಡುವವರಂತೆ ಇಂಜಿನ್ನಿನ ಹತ್ತಿರ ಅಂಗೈ ಹಿಡಿಯುತ್ತಿದ್ದಳು. "ಎಲ್ಲಾ ಗಾಡಿನೂ ಬಿಸಿ ಆಕ್ಕಾವ" ಎನ್ನುತ್ತಿದ್ದರು ಮಾಮಾ. "ಇಷ್ಟಲ್ಲ" ಎನ್ನುತ್ತಿದ್ದಳು ಅಕ್ಕ.

ಒಂದು ಮುಂಜಾನೆ ಹುಸೇನಸಾಬರದೇ ಫೋನ್ ಬಂತು. ಈ ಸಲ ಆಕಳು. ನಾನೂ ಶಾಲೆಗೆ ಹೊರಟಿದ್ದರಿಂದ ಹಿಂದೆ ಕೂತೆ. ಮಾಮಾ ಎಕ್ಸಲರೇಟರನ್ನು ಅಷ್ಟು ಹಿಂಡಿ ಗಾಡಿ ಓಡಿಸಿದ್ದನ್ನು ನಾನು ಕಂಡಿರಲಿಲ್ಲ.

"ಮಾಮಾ, ಏನೋ ಸುಟ್ಟ ವಾಸನಿ ಬರಾಕತ್ತೈತ್ರಿ."

"ಹೊಲದಾಗ ಕಬ್ಬಿನ ರವದಿ ಸುಡಾಕತ್ತಾರ."

ಎರಡೂ ಕಡೆ ನೋಡಿದೆ. ಕಬ್ಬಿನ ಒಣ ಸೋಗೆ ಸುಡುವ ಹೊಗೆ ಎಲ್ಲಿಯೂ ಇರಲಿಲ್ಲ. ಅದನ್ನು ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಇಂಜಿನ್ ಕಿರ್ರೆಂದು ಕಿರುಚಿ ನಿಂತುಬಿಟ್ಟಿತು. ಹಿಂದಿನ ಗಾಲಿ ತಿರುಗದೆ ಹಾಗೇ ಜಾರತೊಡಗಿತು. ಮಾಮಾ ಕ್ಲಚ್ ಹಿಡಿಯುವಷ್ಟರಲ್ಲಿ ನಾವು ರಸ್ತೆಯ ಬದಿಯ ಹುಲ್ಲಿನಲ್ಲಿ ಬಿದ್ದಿದ್ದೆವು. ನನ್ನ ಮೊಣಕೈ ತರಚಿತ್ತು. ಮಾಮಾರ ಬಲ ಮುಂಗೈ ಇರಬಾರದ ಕಡೆ ಬಾಗಿತ್ತು.

"ದವಾಖಾನಿಗೆ ಹೋಗೂಣು ನಡೀರಿ" ಎಂದೆ ಅಳುತ್ತ.

"ಮೊದಲ ಆಕಳಾ" ಎಂದರು.

ಎಷ್ಟೋ ಹೊತ್ತಿನ ಮೇಲೆ ಒಂದು ಟ್ರ್ಯಾಕ್ಟರ್ ಬಂತು. ಅದರ ಟ್ರೇಲರಿನಲ್ಲಿ ಕೂತು ಹೋದೆವು. ಹುಸೇನಸಾಬರೂ ಅವರ ಹೆಂಡತಿ ಖಾಜಾಬಿಯೂ ಬಾಗಿಲಲ್ಲಿ ನಿಂತು ಏರಿನ ಕಡೆ ಕಿವಿಗೊಟ್ಟಿದ್ದರು. ಟ್ರ್ಯಾಕ್ಟರಿನತ್ತ ತಿರುಗಿಯೂ ನೋಡಲಿಲ್ಲ. ಅವರು ಕಾಯುತ್ತಿದ್ದುದು ಆ ಸಪ್ಪಳಕ್ಕೆ.

ಕರುವಿನ ಮುಂಗಾಲು ಹೊರಗೆ ಬಂದಿದ್ದವು, ತಲೆ ಒಳಗೆ ಹಿಂದಕ್ಕೆ ಮಡಚಿಕೊಂಡಿತ್ತು. ಮಾಮಾ ತಮ್ಮ ಕೈ ನೋಡಿಕೊಂಡರು, ಆಮೇಲೆ ನನ್ನ ಕೈ ನೋಡಿದರು. "ನಿನ್ನ ಕೈ ಸಣ್ಣದೈತಿ. ಬಳಿ ತಗಿ. ಸಬಕಾರ ಹಚ್ಕೊ."

ನಾನು ಹೇಗೆ ಒಪ್ಪಿದೆನೋ ತಿಳಿಯದು. ಸಾಬೂನು ಹಚ್ಚಿಕೊಂಡ ಕೈಯನ್ನು ಮೊಣಕೈವರೆಗೆ ಒಳಗಿಟ್ಟು ಕಣ್ಣು ಮುಚ್ಚಿದ್ದೆ. ಮಾಮಾ ಗೋಡೆಗೆ ಒರಗಿ, ನೋವಿಗೆ ಹಲ್ಲು ಕಚ್ಚಿ ಹೇಳುತ್ತಿದ್ದರು: "ಮೂತಿ ಸಿಕ್ತೇನು? ಅಂಗೈದಾಗ ಹಿಡಿ. ಮೊದಲ ಕರಾ ಹಿಂದಕ್ಕ ನೂಕು. ಜಾಗಾ ಆತಿಲ್ಲ? ಈಗ ತಲಿ ತಿರುವು. ಸಾವಕಾಶ." ತಲೆ ತಿರುಗಿತು. ಹುಸೇನಸಾಬರು ಕಾಲಿಗೆ ಹಗ್ಗ ಕಟ್ಟಿ ಎಳೆದರು. ಕರು ಹೊರಗೆ ಬಂತು. ಉಸಿರಿರಲಿಲ್ಲ. ಆಕಳು ಉಳಿಯಿತು.

ನನ್ನ ಕೈಗೆ ನೀರು ಹಾಕುತ್ತ ಖಾಜಾಬಿ ಮೆಲ್ಲಗೆ ಹೇಳಿದಳು: "ಸಾಹೇಬ್ರು ಮೊದಲಿನಂಗ ಸಾವಕಾಶ ಬಂದಿದ್ರೂ ಇಷ್ಟೊತ್ತಿಗಿ ಎಂದೋ ಬಂದಿರ್ತಿದ್ರು." ಬಯ್ಯಬೇಕೆಂದು ಆಡಿದ ಮಾತಲ್ಲ. ಆದರೆ ಮಾಮಾ ಅದನ್ನು ಕೇಳಿಸಿಕೊಂಡರು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದಾಗ ಅಕ್ಕ ಬಯ್ಯದೆ ಊಟಕ್ಕೆ ಬಡಿಸಿದಳು. ಮಾಮಾರಿಗೆ ಅದೇ ತಡೆಯದಾಯಿತು. "ಏನರ ಅನ್ನು. ಬೈಯ್ ಒಮ್ಮೆ." ಅಕ್ಕ ಅನ್ನ ಕಲಸಿ ತುತ್ತು ಮಾಡಿ ಅವರ ಬಾಯಿಗೆ ಹಿಡಿದಳು. "ಮೊದಲ ಉಣ್ರಿ" ಎಂದಳು. ಆ ತುತ್ತು ನುಂಗುವಾಗ ಮಾಮಾ ಅತ್ತರು.

ಮರುದಿನ ಈರಣ್ಣ ಬಂದು ಬಾಗಿಲ ಹೊರಗೇ ನಿಂತ. ಗಾಳಿ ಹೆಚ್ಚು ಬಿಟ್ಟು, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡದೆ ಹೋದದ್ದರಿಂದ ಇಂಜಿನ್ ಮಿತಿಮೀರಿ ಕಾದು ಪಿಸ್ಟನ್ ಹಿಡಿದುಕೊಂಡಿತು ಎಂದ. ಅದನ್ನು ಇನ್ನೂ ಸರಿಹೊಂದಿಸುವುದಿತ್ತಂತೆ. "ಬಿಡಪಾ, ನಾನಽ ಅವಸರ ಮಾಡಿ ಗಾಡಿ ತಂದೆ" ಎಂದರು ಮಾಮಾ. ಇಂಜಿನ್ನನ್ನು ಮೊದಲಿನ ಅಳತೆಗೇ ತರಿಸಿ, ಅದೇ ಏದುಸಿರಿನಲ್ಲಿ ಬಹಳ ಕಾಲ ಓಡಾಡಿದರು.

ಈಗ ಮಾಮಾ, ಅಕ್ಕ ಯರಗುಪ್ಪಿಯಲ್ಲಿದ್ದಾರೆ. ಕರಿ ಮಣ್ಣಿನ ಬಯಲು, ಹುಡುಕಿದರೂ ಏರಿಲ್ಲ, ಅಕ್ಕನಿಗೆ ನೆಮ್ಮದಿ. ನಾನು ಕಲಘಟಗಿಯಲ್ಲೇ ಮನೆ ಮಾಡಿಕೊಂಡು ದೇವಿಕೊಪ್ಪದ ಶಾಲೆಯಲ್ಲಿ ಉಳಿದೆ, ಒಂದು ಸ್ಕೂಟರ್ ತಗೊಂಡೆ. ಕರು ಹಾಕಿಸುವುದನ್ನು ಮಾಮಾರಿಂದ ಅಷ್ಟಿಷ್ಟು ಕಲಿತಿದ್ದರಿಂದ, ಡಾಕ್ಟರು ಬರುವುದು ತಡವಾದರೆ ಜನ ನನ್ನನ್ನು ಕರೆಯುವುದು ರೂಢಿಯಾಗಿದೆ.

ನಿನ್ನೆ ರಜೆ. ಕಲಘಟಗಿಯ ಮನೆಯಲ್ಲಿದ್ದೆ. ಖಾಜಾಬಿ ಫೋನ್ ಮಾಡಿ, ಆಕಳು ಬೆಳಗಿನಿಂದ ತಿಣುಕುತ್ತಿದೆ, ಡಾಕ್ಟರು ಬೇರೆ ಊರಲ್ಲಿದ್ದಾರೆ ಎಂದಳು. ಸ್ಕೂಟರ್ ತೆಗೆದೆ. ಏರಿಗೆ ಬಂದಾಗ ಅದು ಸೋಲತೊಡಗಿತು. ನಾನು ಎಕ್ಸಲರೇಟರ್ ಹಿಂಡಿದೆ. ಇನ್ನೂ ಹಿಂಡಿದೆ. ಮುಂದೆ ಜಾಗವಿಲ್ಲ ಎನ್ನುವವರೆಗೆ ಹಿಂಡಿ, ಸೀಟಿನ ಮೇಲೆ ಮುಂದಕ್ಕೆ ಬಾಗಿ, ಇದಕ್ಕೆ ಇನ್ನೊಂದೀಟು ತಾಕತ್ತಿದ್ದರೆ, ಯಾರಾದರೂ ಏನಾದರೂ ಮಾಡಿಕೊಟ್ಟರೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದು ನಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಷ್ಟು ವರ್ಷ ಎಲ್ಲರ ಗಾಡಿಯ ಮೇಲೂ ಅನುಮಾನಪಟ್ಟ ನಾನು ನನ್ನ ಕೈಯ ಮೇಲೆ ಒಮ್ಮೆಯೂ ಪಟ್ಟಿರಲಿಲ್ಲ.

ನಾನು ಮುಟ್ಟುವಷ್ಟರಲ್ಲಿ ಆಕಳು ತಾನೇ ಕರು ಹಾಕಿತ್ತು. ಅದನ್ನು ನೆಕ್ಕುತ್ತ ನಿಂತಿತ್ತು. ಸಂಜೆ ಮಾಮಾರಿಗೆ ಫೋನ್ ಮಾಡಿ ಏರಿನಲ್ಲಿ ಅನ್ನಿಸಿದ್ದನ್ನೂ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ.

"ಗಾಡಿ ಹೆಂಗೈತೋ ಹಂಗ ಇರ್ಲಿ. ಫೋನ್ ಬಂದ ಕೂಡ್ಲೆ ಹೊಂಟ್ಬಿಡು, ಅಷ್ಟ. ತಿಳೀತಿಲ್ಲ?"

"ಹೂಂ ಮಾಮಾ."

ಅವರು ದನಿ ತಗ್ಗಿಸಿ ಕೇಳಿದರು: "ಖರೇನ ಹೂಂ ಅಂದೆಲ್ಲ?"