ಸೇಬು ಹಾಕಿದ ಕೋಳಿ ಮತ್ತು ಮೊದಲ ‘ಬೇಡ’

ಸೇಬಿನ ಹೋಳುಗಳು ಬೆಣ್ಣೆಯಲ್ಲಿ ಹೊಂಬಣ್ಣಕ್ಕೆ ತಿರುಗುತ್ತಿದ್ದವು. ಹೆಂಡತಿ ಸುಮತಿ ಬಂದು ಬಾಣಲೆಯೊಳಗೆ ಇಣುಕಿದಳು.

“ಕೋಳಿಗೆ ಸೇಬಾ? ನಿಮ್ಗೆ ಎಂತ ಆಗಿದೆ ಮಾರಾಯ್ರೆ?”

ಇದು ನಾವು ಸ್ವೀಡನ್ನಿನ ಶೋವ್ಡೆ ಪಟ್ಟಣದಲ್ಲಿದ್ದಾಗ ನಡೆದದ್ದು. ಯೂಟ್ಯೂಬ್ ನೋಡಿ ಅಡುಗೆ ಕಲಿಯುವ ಅಭ್ಯಾಸ ಇನ್ನೂ ಹತ್ತದ ಕಾಲ.

ಒಲೆಯ ಮೇಲಿದ್ದದ್ದು ಇರಾನಿನವರ ಖೊರೇಶ್... ಕೋಳಿ, ಸೇಬು, ಒಣಗಿಸಿದ ಹುಳಿ ಚೆರ್ರಿ, ದಾಲ್ಚಿನ್ನಿ, ಕೇಸರಿ ಹಾಕಿ ನಿಧಾನಕ್ಕೆ ಬೇಯಿಸುವ ಗಟ್ಟಿ ಸಾರು. ನಮ್ಮ ಮಗ ಪ್ರಣವ್ ಮದುವೆಯಾಗಬೇಕೆಂದಿದ್ದ ಹುಡುಗಿ ನಗೀನ್ ಅದನ್ನು ಫೋನಿನಲ್ಲಿ ಹೇಳಿಕೊಟ್ಟಿದ್ದಳು.

ಆ ಸಂಜೆ ಅವಳು ತನ್ನ ತಾಯಿ ಮಹೀನ್ ಅವರನ್ನು ನಮ್ಮಲ್ಲಿಗೆ ಊಟಕ್ಕೆ ಕರೆತರುವವಳಿದ್ದಳು. ತಂದೆ ಇಲ್ಲದ ಮನೆ. ಅಮ್ಮ ಒಪ್ಪದೆ ಮದುವೆ ಇಲ್ಲ ಎಂದು ನಗೀನ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ನಮ್ಮ ಹುಡುಗ ಮುಖ ಬಾಡಿಸಿಕೊಂಡು ಓಡಾಡುತ್ತಿದ್ದ.

ನಾನೋ, ಬೇಳೆ-ಮಸಾಲೆಯ ಸಣ್ಣ ಅಂಗಡಿಯಿಂದ ಮೇಲೆ ಬಂದವನು. ಬಂಡವಾಳ ಅಂತ ಇದ್ದದ್ದು ಬಾಯಿ ಒಂದೇ.

ಎದುರು ಪಾರ್ಟಿ ನಮ್ಮ ಮನೆಯಲ್ಲಿ ಕೂತು ಅವರದೇ ಊರಿನ ರುಚಿ ಉಂಡರೆ ಅರ್ಧ ವ್ಯವಹಾರ ಮುಗಿದಂತೆ. ಇದು ನನ್ನ ಲೆಕ್ಕಾಚಾರ.

ಸೇಬು ಬಿಟ್ಟಿ ಸಿಕ್ಕಿದ್ದು ಎನ್ನುವುದನ್ನೂ ಹೇಳಿಬಿಡುತ್ತೇನೆ. ಸೆಪ್ಟೆಂಬರ್ ಬಂತೆಂದರೆ ಇಲ್ಲಿನವರು ಹಿತ್ತಲಲ್ಲಿ ಹೆಚ್ಚಾದ ಸೇಬನ್ನು ಬುಟ್ಟಿಗೆ ತುಂಬಿ ಗೇಟಿನ ಹೊರಗೆ ಇಡುತ್ತಾರೆ. ಬೇಕಾದವರು ಒಯ್ಯಬಹುದು.

“ಅನಾನಸ್ ಮೆಣಸ್ಕಾಯಿ ತಿಂದು ಬೆಳೆದವಳು ನೀನು. ಹಣ್ಣು ಬೇಯಿಸಿದ್ರೆ ಯಾಕೆ ಗಾಬರಿ?” ಅಂದೆ.

“ಅದ್ರಲ್ಲಿ ಕೋಳಿ ಈಜ್ತಾ ಇರ್ಲಿಲ್ಲ!”

ನಗೀನ್ ಹೇಳಿದ್ದು ಇಷ್ಟೇ: ಉರಿ ಸಣ್ಣದಿರಲಿ, ಸೇಬು ಕೊನೆಗೆ ಬೀಳಲಿ, ಆಮೇಲೆ ಸೌಟು ಆಡಿಸಬೇಡಿ. ಏನೂ ಮಾಡದೆ ನಿಂತಿರುವುದು ನನ್ನಂಥವನಿಗೆ ಬಹಳ ಕಷ್ಟದ ಕೆಲಸ.

ನಿಂತೆ.

ಮುಚ್ಚಳದಡಿ ಸಾರು ತನ್ನಷ್ಟಕ್ಕೆ ಗುನುಗುತ್ತಿದೆ. ಕಿಟಕಿಯ ಗಾಜಿಗೆ ಹಬೆ ಹತ್ತಿ ಹೊರಗಿನ ಬರ್ಚ್ ಮರಗಳು ಬರೀ ಹಳದಿ ಕಲೆಗಳಾಗಿವೆ. ಕೇಸರಿ ನೀರು ಸುರಿದಾಗ ಎದ್ದ ಪರಿಮಳಕ್ಕೆ ನಾನೆಲ್ಲಿದ್ದೇನೆ ಎನ್ನುವುದೇ ಮರೆತುಹೋಗುತ್ತದೆ... ನಮ್ಮೂರು ಕುಂದಾಪುರವೂ ಅಲ್ಲ, ಶೋವ್ಡೆಯೂ ಅಲ್ಲ, ನಾನೆಂದೂ ಕಾಣದ ಯಾವುದೋ ಊರು. ಅಲ್ಲಿ ಯಾರೋ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಾರೆ.

ಅಂಗಡಿಯವನಿಗೆ ನಿಂತಲ್ಲೇ ಕನಸು ಬೀಳುವುದು ಒಳ್ಳೆಯ ಲಕ್ಷಣವಲ್ಲ.

ಮಹೀನ್ ಬಂದರು. ಡಾಗಿಸ್‌ನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ, ಮೆಲ್ಲಗೆ ಮಾತಾಡುವ ಹೆಂಗಸು. ನಮ್ಮ ನಡುವೆ ಇದ್ದ ಭಾಷೆ ಸ್ವೀಡಿಷ್, ಅದೂ ಇಬ್ಬರದ್ದೂ ಸಾಲ ತಂದಂಥದ್ದು.

ಮೊದಲ ತುತ್ತಿನ ಹಿಂದೆಯೇ ಎರಡನೆಯದು, ಮೂರನೆಯದು ಹೋಯಿತು. ತಟ್ಟೆ ಬೇಗ ಖಾಲಿಯಾಯಿತು.

“ಇನ್ನೂ ಸ್ವಲ್ಪ ಹಾಕಲಾ?” ಎಂದು ಕೇಳಿದೆ.

“ಬೇಡ, ಸಾಕು. ತಕ್,” ಎಂದು ಇಲ್ಲಿನವರ ಹಾಗೆ ಧನ್ಯವಾದ ಹೇಳಿದರು.

ನಾನು ಪಾತ್ರೆಗೆ ಮುಚ್ಚಳ ಮುಚ್ಚಿದೆ.

ಊರಲ್ಲಾಗಿದ್ದರೆ ಹಾಗೆ ಮಾಡುತ್ತಿದ್ದೆನೇ? ಆದರೆ ಸ್ವೀಡನ್ನಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯವರಿಗೆ ಒತ್ತಾಯ ಮಾಡಿ ಬಡಿಸಿ, ಅವರು ಮತ್ತೆ ನಮ್ಮ ಹೊಸಿಲು ತುಳಿಯದ ಹಾಗಾಗಿತ್ತು. ಇಲ್ಲಿ ಬೇಡ ಅಂದರೆ ಬೇಡ. ಆ ಪಾಠ ನಾನು ಚೆನ್ನಾಗಿ ಕಲಿತಿದ್ದೆ.

ಸರಿ, ಊಟ ಆಯಿತಲ್ಲ ಎಂದು ವಿಷಯಕ್ಕೆ ಬಂದೆ. ಬರುವ ಬೇಸಿಗೆಯಲ್ಲಿ ಮದುವೆ ಇಟ್ಟುಕೊಳ್ಳಬಹುದೇ? ನಾವೇ ಎಲ್ಲ ನೋಡಿಕೊಳ್ಳುತ್ತೇವೆ ಅಂದೆ.

“ಬೇಡ, ಬೇಡ. ನಿಮಗೆ ಯಾಕೆ ತೊಂದರೆ...” ಎಂದು ಮಹೀನ್ ತಲೆ ತಗ್ಗಿಸಿದರು.

ಮಗ ನೀರಿನ ಲೋಟ ನೋಡುತ್ತಾ ಕೂತ. ಬಾಯಿಯನ್ನೇ ನಂಬಿ ಬದುಕಿದ ನಾನು ಹವಾಮಾನದ ಬಗ್ಗೆ ಮಾತಾಡತೊಡಗಿದೆ.

ಅಷ್ಟರಲ್ಲಿ ಸುಮತಿ ಒಳಗಿನಿಂದ ಬಿಸಿ ಅನ್ನ ತಂದಳು. ಮುಚ್ಚಿದ ಪಾತ್ರೆ ನೋಡಿದಳು, ಖಾಲಿ ತಟ್ಟೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ನೋಟದ ಬಗ್ಗೆ ಬರೆಯುವುದಿಲ್ಲ.

ಮುಚ್ಚಳ ತೆಗೆದು ನನ್ನ ಕೈಗೆ ತುರುಕಿ, ಸೌಟು ಹಿಡಿದು ನಿಂತಳು. ಮಹೀನ್ ತಟ್ಟೆಗೆ ಕೈ ಅಡ್ಡ ಹಿಡಿದರು. ಸುಮತಿ ಅಚ್ಚ ಕನ್ನಡದಲ್ಲೇ, “ಎಂತ ನಾಚ್ಕೆ? ನಿಮ್ದೇ ಮನೆ ಅಲ್ವಾ, ಸ್ವಲ್ಪ ಉಣ್ಣಿ!” ಅಂದಳು.

ಮತ್ತೊಮ್ಮೆ “ಬೇಡ” ಬಂತು. ಸೌಟು ಹಿಂದೆ ಸರಿಯಲಿಲ್ಲ. ಕೈ ತಾನಾಗಿ ಪಕ್ಕಕ್ಕೆ ಹೋಯಿತು.

ಕರಗಿಯೂ ಕರಗದ ಸೇಬಿನ ಹೋಳೊಂದನ್ನು ಅನ್ನದ ಜೊತೆ ತೆಗೆದುಕೊಂಡು ಮಹೀನ್ ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ. ಮಧ್ಯಾಹ್ನ ಹಬೆಯಲ್ಲಿ ನಾನು ನಿಂತಿದ್ದ ಆ ಊರಿನಲ್ಲೇ ಈಗ ಅವರಿದ್ದಾರೆ ಎಂದು ನನಗೆ ಏಕೋ ಅನಿಸಿತು... ಅವರಿಗೆ ಅಲ್ಲಿ ದಾರಿ ಗೊತ್ತಿತ್ತು.

ಕಣ್ಣು ತೆರೆದವರು, “ದಾಲ್ಚಿನ್ನಿ ಜಾಸ್ತಿಯಾಗಿದೆ,” ಅಂದರು.

ನಗೀನ್ ಫಕ್ಕನೆ ನಕ್ಕಳು. “ಅಂಕಲ್, ನಮ್ಮಲ್ಲಿ ಯಾರಾದರೂ ಉಪಚಾರ ಮಾಡಿದಾಗ ತಕ್ಷಣ ಹೂಂ ಅನ್ನೋ ಹಾಗಿಲ್ಲ. ಮೊದಲನೇ ‘ಬೇಡ’ ಬರೀ ನಮಸ್ಕಾರ ಇದ್ದ ಹಾಗೆ.”

ನಮ್ಮೂರಲ್ಲೂ ಹಾಗೇ ಅಲ್ಲವೇ! ಒತ್ತಾಯಿಸದೆ ಬಡಿಸಿದವರ ಮನೆ ಊಟವನ್ನು ನಮ್ಮ ಕಡೆ ಯಾರು ಊಟ ಅಂದಿದ್ದಾರೆ? ಬೇಡ ಎನ್ನಲು ಕಲಿತ ಅವರು, ಕೇಳುತ್ತಲೇ ಇರಲು ಕಲಿತ ನಾವು... ನಡುವೆ ನನ್ನ ಹೊಸ ಸ್ವೀಡಿಷ್ ಮರ್ಯಾದೆ ಬಂದು ಎಲ್ಲರನ್ನೂ ಅರೆಹೊಟ್ಟೆಯಲ್ಲಿ ಎಬ್ಬಿಸುವುದರಲ್ಲಿತ್ತು.

ಕುರ್ಚಿ ಮುಂದಕ್ಕೆ ಎಳೆದುಕೊಂಡೆ. ಬೇಸಿಗೆಯ ಮದುವೆಯ ಮಾತು ಮತ್ತೆ ತೆಗೆದೆ.

“ಅಯ್ಯೋ, ನಿಮಗೆ ಸುಮ್ಮನೆ ಶ್ರಮ...”

ಮಗ ಕಣ್ಣಲ್ಲೇ ‘ಸಾಕು ಅಪ್ಪ’ ಅಂದ. ನಾನು ಅವನ ಕಡೆ ನೋಡದೆ ಇನ್ನೊಮ್ಮೆ ಕೇಳಿದೆ.

ಮಹೀನ್ ನಗೀನಳ ಮುಖ ನೋಡಿದರು. ಅವಳು ಉಸಿರು ಬಿಗಿಹಿಡಿದು ಕೂತಿದ್ದಳು. ಆಮೇಲೆ ಪಾತ್ರೆಯ ಕಡೆ ನೋಡಿದರು. ಅದರ ತಳದಲ್ಲಿ ಒಂದೆರಡು ಹೋಳು, ಸ್ವಲ್ಪ ಕೇಸರಿ ಬಣ್ಣದ ರಸ ಉಳಿದಿತ್ತು.

“ಬೇಸಿಗೆಯಲ್ಲಿ ಇಂಥ ಸೇಬು ಎಲ್ಲಿ ಸಿಗುತ್ತೆ?” ಅಂದರು. “ಸೆಪ್ಟೆಂಬರ್‌ಗೆ ಇಟ್ಟುಕೊಳ್ಳೋಣ. ಅಡುಗೆ ನಾನು ಮಾಡ್ತೀನಿ.”

ಸುಮತಿ ನನ್ನ ಕೈಯಿಂದ ಮುಚ್ಚಳ ಕಿತ್ತುಕೊಂಡು ಒಳಗೆ ಹೋದಳು.

ನೀವು ಹೇಳಿ... ಮೊದಲ ‘ಬೇಡ’ಕ್ಕೇ ಮುಚ್ಚಳ ಮುಚ್ಚುವವರು ನಿಮ್ಮ ಮನೆಯಲ್ಲೂ ಇದ್ದಾರಾ?