ಫಾ ಎಂದರೆ ಬಾ ಅಲ್ಲ

2021ನೇ ಇಸವಿ ಮಾರ್ಚ್ 6, ಶನಿವಾರ, ಬೆಳಿಗ್ಗೆ 7 ಗಂಟೆ 40 ನಿಮಿಷ. ಯೋಕೋಹಾಮಾದ ನಮ್ಮ ಅಪಾರ್ಟ್‌ಮೆಂಟಿನ ಸೈಕಲ್ ಸ್ಟ್ಯಾಂಡಿನಿಂದ ಮೂವರು ಹೊರಟೆವು: ನಾನು, ಏಳು ವರ್ಷದ ದೊಡ್ಡವಳು, ನಾಲ್ಕು ವರ್ಷದ ಚಿಕ್ಕವಳು. ಸೈಕಲ್ ಎರಡು, ಮಾಸ್ಕ್ ಮೂರು, ಡಬ್ಬಿಯಲ್ಲಿ ಚಪಾತಿ ರೋಲ್ ಆರು. ಯೋಗ ಮ್ಯಾಟ್ ಇಡುವ ಉದ್ದನೆಯ ಚೀಲದಲ್ಲಿ ಹಳೇ ಸಾಮಾನಿನ ಅಂಗಡಿಯಿಂದ ತಂದ ಗಾಲ್ಫ್ ಸ್ಟಿಕ್ ಮೂರು. ಅವುಗಳಲ್ಲಿ ಒಂದು ಮಕ್ಕಳದು.

ಹಿಂದಿನ ರಾತ್ರಿ ಗಂಡ ಆ ಚೀಲ ನೋಡಿ ಕೇಳಿದ್ದ: "ನೀನು ಸೀರಿಯಸ್ಸಾ? ಗಾಲ್ಫ್? ನಮ್ಮ ಕಂಪನಿಯಲ್ಲಿ ಡೈರೆಕ್ಟರ್‌ಗಳು ಆಡೋದು ಅದನ್ನ."

"ಅವರು ಆಡ್ಲಿ. ನಾವೂ ಆಡ್ತೀವಿ."

"ನಿಂಗ್ ಬರುತ್ತಾ?"

"ಇಲ್ಲ."

ನನಗೆ ಗಾಲ್ಫ್ ಬೇಕಿರಲಿಲ್ಲ. ನನಗೆ ಬೇಕಿದ್ದದ್ದು ದೊಡ್ಡವಳ ದನಿ.

ಅವಳು ಒಂದನೇ ಕ್ಲಾಸಿಗೆ ಸೇರಿದ್ದೇ ಸೋಂಕಿನ ವರ್ಷದಲ್ಲಿ. ಶಾಲೆ ತೆರೆದಾಗ ಅವಳು ಕಲಿತ ಮೊದಲ ಪಾಠ, ಬಾಯಿ ಮುಚ್ಚಿಕೊಂಡಿರುವುದು. ಮಧ್ಯಾಹ್ನ ಊಟಕ್ಕೆ ಎಲ್ಲರೂ ಹಲಗೆಯ ಕಡೆ ಮುಖ ಮಾಡಿ, ಒಂದು ಮಾತೂ ಇಲ್ಲದೆ ತಿನ್ನಬೇಕು. ಹಾಡಿನ ಪಾಠದಲ್ಲಿ ಹಾಡಬಾರದು, ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಇತ್ತ ಮನೆಯಲ್ಲಿ, ಮಕ್ಕಳ ಸದ್ದಿನ ಬಗ್ಗೆ ದಯವಿಟ್ಟು ಗಮನ ಕೊಡಿ ಎಂಬ ಚೀಟಿ ನಮ್ಮ ಅಂಚೆಪೆಟ್ಟಿಗೆಯಲ್ಲಿ ಮೂರು ಸಲ ಬಂದಿತ್ತು. ಮೂರಕ್ಕೂ ತಾರೀಕು ಬರೆದು ಇಟ್ಟುಕೊಂಡಿದ್ದೇನೆ. ಹೀಗಾಗಿ ಮನೆಯಲ್ಲೂ ನಾವು ಕಾಲ್ಬೆರಳ ಮೇಲೆ ನಡೆದೆವು, ಗಂಟಲಿನ ತುದಿಯಲ್ಲಿ ಮಾತಾಡಿದೆವು. ಚಿಕ್ಕವಳು ಯಾವ ನಿಯಮಕ್ಕೂ ಬಗ್ಗಲಿಲ್ಲ. ದೊಡ್ಡವಳು ಬಗ್ಗಿದಳು. ಅವಳ ಮಾತು ಪಿಸುಗುಟ್ಟುವಿಕೆಗೆ ಇಳಿಯಿತು, ಆಮೇಲೆ ತಲೆಯಾಡಿಸುವಿಕೆಗೆ. ಕನ್ನಡ ಮೊದಲೇ ಕಡಿಮೆ, ಅದು ಪೂರ್ತಿ ನಿಂತಿತು. ಫೆಬ್ರವರಿಯಲ್ಲಿ ಅವಳ ಟೀಚರ್ ಫೋನ್ ಮಾಡಿ, "ತುಂಬಾ ಶಾಂತ ಸ್ವಭಾವ, ಬಹಳ ಒಳ್ಳೆ ಮಗು" ಎಂದು ಹೊಗಳಿದರು. ನಾನು "ಅರಿಗಾತೋ" ಎಂದು ಧನ್ಯವಾದ ಹೇಳಿ ಫೋನಿಟ್ಟು, ಡೈರಿಯಲ್ಲಿ ಹೊಸ ಕಾಲಂ ಒಂದನ್ನು ಎಳೆದೆ. ಹೆಸರು: ದನಿ. ಅಳತೆ: ಮೂರು ಹೆಜ್ಜೆ ದೂರದಿಂದ ನನಗೆ ಕೇಳಿಸಿದ ಪೂರ್ತಿ ಮಾತುಗಳ ಲೆಕ್ಕ. ಮೊದಲ ದಿನ 4. ಎರಡನೆಯ ದಿನ 2. ಮೂರನೆಯ ದಿನ 0.

ಪಾರ್ಕಿಗೆ ಕರೆದುಕೊಂಡು ಹೋಗಿ ನೋಡಿದೆ. ನಮ್ಮ ಬೀದಿಯ ಪಾರ್ಕಿನ ಬೋರ್ಡಿನಲ್ಲಿ ಮಾಡಬಾರದ ಕೆಲಸಗಳು ಹನ್ನೊಂದು. ಚೆಂಡು ಬೇಡ, ಬ್ಯಾಟ್ ಬೇಡ, ಗಾಲ್ಫ್ ಅಭ್ಯಾಸ ಬೇಡ, ದೊಡ್ಡ ದನಿ ಬೇಡ. ಸೋಂಕಿನ ಭಯಕ್ಕೆ ಜಾರುಬಂಡೆಗೆ ಸುತ್ತಿದ್ದ ಟೇಪನ್ನು ಆ ಹೊತ್ತಿಗೆ ಬಿಚ್ಚಿದ್ದರು, ಆದರೆ ಮಕ್ಕಳ ಬಾಯಿಗೆ ಸುತ್ತಿದ್ದು ಹಾಗೇ ಇತ್ತು.

ಆ ಫೆಬ್ರವರಿಯ ಕೊನೆಯಲ್ಲಿ ಒಂದು ದಿನ ನದಿಯ ಏರಿಯ ಮೇಲೆ ನಡೆಯುತ್ತಿದ್ದಾಗ, ಕೆಳಗಿನಿಂದ ಯಾರೋ ಗಂಟಲು ಹರಿಯುವಂತೆ ಕೂಗಿದರು: "ಬಾ———!"

ನಿಂತುಬಿಟ್ಟೆ. ಕನ್ನಡದಲ್ಲಿ ಯಾರು ಕರೆದದ್ದು? ಬಗ್ಗಿ ನೋಡಿದರೆ, ನದಿ ಪಾತ್ರದ ಹುಲ್ಲಿನ ಮೇಲೆ ಒಂಬತ್ತು ಗುಂಡಿಗಳ ಪುಟ್ಟ ಗಾಲ್ಫ್ ಮೈದಾನ. ಟೋಪಿ ಹಾಕಿದ ಮುದುಕರೊಬ್ಬರು ಕೈ ಎತ್ತಿ ಕೂಗುತ್ತಿದ್ದರು. ಅದು "ಬಾ" ಅಲ್ಲ, "ಫಾ". ಹೊಡೆದ ಚೆಂಡು ಬೇರೆಯವರ ಕಡೆ ಹೋದರೆ ಎಚ್ಚರಿಸಲು ಜಪಾನಿನ ಗಾಲ್ಫ್ ಆಟಗಾರರು ಹಾಗೆ ಕೂಗುತ್ತಾರೆ. ಮನೆಗೆ ಬಂದು ಓದಿದೆ. ಕೂಗದಿದ್ದರೆ ತಪ್ಪಂತೆ. ಆ ಇಡೀ ವರ್ಷದಲ್ಲಿ ಬಯಲಿನಲ್ಲಿ ನಾನು ಕೇಳಿದ ಒಂದೇ ಒಂದು ದೊಡ್ಡ ದನಿ ಅದು, ಅದನ್ನು ಯಾರೂ ಗದರಿಸಿರಲಿಲ್ಲ. ಇಡೀ ಊರಿನಲ್ಲಿ ಗಂಟಲು ಬಿಚ್ಚಲು ಅನುಮತಿ ಇರುವುದು ಅಲ್ಲಿ ಮಾತ್ರ ಎಂದಾದರೆ, ನನ್ನ ಮಗಳು ಗಾಲ್ಫ್ ಆಡುತ್ತಾಳೆ ಎಂದು ತೀರ್ಮಾನಿಸಿದೆ.

ಕನ್ನಡದ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಬರೆದರು: "ಗಾಲ್ಫಾ? ಆನ್‌ಲೈನ್ ಅಬಾಕಸ್ ಸೇರಿಸ್ಬೋದಿತ್ತಲ್ಲ ಕಣೇ." ಲೆಕ್ಕ ಮಾಡಲು ನಾನಿದ್ದೇನೆ ಎಂದು ಉತ್ತರಿಸಿದೆ.

ಮೈದಾನದ ಕೌಂಟರಿನಲ್ಲಿದ್ದ ಹಿರಿಯರು ನಮ್ಮನ್ನೂ ಯೋಗ ಮ್ಯಾಟಿನ ಚೀಲವನ್ನೂ ನೋಡಿ, ಕ್ಷಮೆ ಕೇಳಿಕೊಂಡೇ ಹೇಳಿದರು: "ಸುಮಿಮಾಸೆನ್, ಮಕ್ಕಳು ಓಡಬಾರದು, ಕೂಗಬಾರದು."

"ಹೊಡೀಬಹುದಾ?"

"ಹೊಡೀಬಹುದು."

ಅವರ ತಲೆಯ ಹಿಂದೆ ಚೀಟಿ ಅಂಟಿಸಿತ್ತು: ದೊಡ್ಡ ದನಿಯಲ್ಲಿ ಮಾತಾಡಬೇಡಿ. ಹೊರಗೆ ಮೊದಲ ಗುಂಡಿಯ ಬಳಿ ಹಳೆಯ ಮರದ ಬೋರ್ಡು: ಅಪಾಯವಿದ್ದರೆ ದೊಡ್ಡ ದನಿಯಲ್ಲಿ ಫಾ ಎಂದು ಕೂಗಿ. ಒಂದರಿಂದ ಇನ್ನೊಂದಕ್ಕೆ ಹದಿನಾಲ್ಕು ಹೆಜ್ಜೆ.

ಮೊದಲ ದಿನದ ಲೆಕ್ಕ ಹೀಗಿದೆ. ನಾನು ಒಂಬತ್ತು ಗುಂಡಿಗೆ 88 ಹೊಡೆತ, ಅವುಗಳಲ್ಲಿ 21 ಬರೀ ಗಾಳಿಗೆ. ಗಾಳಿಗೆ ಬೀಸಿದ್ದೂ ಹೊಡೆತವೇ, ಬಿಡುವ ಹಾಗಿಲ್ಲ. ಚಿಕ್ಕವಳು ಲೆಕ್ಕಕ್ಕೆ ಸಿಗಲಿಲ್ಲ, ಎರಡು ಸಲ ಚೆಂಡನ್ನು ಕೈಯಲ್ಲೇ ಎತ್ತಿ ಗುಂಡಿಗೆ ಹಾಕಿದಳು. ದೊಡ್ಡವಳು ಎರಡು ಗುಂಡಿ ಆಡಿದಳು. ದನಿ 0.

ಎರಡೇ ಗುಂಡಿ ಆಡಲು ಕಾರಣ ಮೂರನೆಯ ಗುಂಡಿಯಲ್ಲಿ ಆದದ್ದು. ಪಕ್ಕದ ಸಾಲಿನಿಂದ ಯಾರೋ "ಫಾ———!" ಎಂದರು. ನಾನು ತಲೆ ತಗ್ಗಿಸಿದೆ. ಚಿಕ್ಕವಳು ಮುಖ ಅರಳಿಸಿಕೊಂಡು, ದನಿ ಬಂದ ಕಡೆಗೇ ಓಡಿದಳು. ಚೆಂಡು ಅವಳಿಂದ ನಾಲ್ಕು ಹೆಜ್ಜೆ ಆಚೆ ಬಿತ್ತು. ಅದನ್ನು ನೋಡಿದ ದೊಡ್ಡವಳು ಆ ದಿನ ಮತ್ತೆ ಸ್ಟಿಕ್ ಮುಟ್ಟಲಿಲ್ಲ.

ಹೊಡೆದವರು ಟೋಪಿ ತೆಗೆದು ಓಡೋಡಿ ಬಂದು ಏಳು ಸಲ ಬಗ್ಗಿದರು. ನಾನು ಚಿಕ್ಕವಳನ್ನು ಹಿಡಿದುಕೊಂಡು, "ಯಾಕೆ ಓಡ್ದೆ?" ಎಂದು ಕೇಳಿದೆ.

"ತಾತ ಬಾ ಅಂದ್ರು!"

ನನಗೇ ಹಾಗೆ ಕೇಳಿಸಿತ್ತು. ಮನೆಯಲ್ಲಿ ದಿನಕ್ಕೆ ನಲವತ್ತು ಸಲ ಅವಳಿಗೆ ನಾನು ಹೇಳುವ ಮಾತು ಅದೇ: ಬಾ, ಊಟಕ್ಕೆ ಬಾ, ಸ್ನಾನಕ್ಕೆ ಬಾ. ಮುಂಚೆಯೇ ಯೋಚಿಸದೆ ಇದ್ದದ್ದು ನನ್ನ ತಪ್ಪು, ಬರೆದಿಟ್ಟಿದ್ದೇನೆ.

ಆ ವಾರ ಮನೆಯಲ್ಲಿ ತರಬೇತಿ. ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗಂಡ ಮೀಟಿಂಗುಗಳ ನಡುವೆ ಮೆಲ್ಲಗೆ "ಫಾ" ಅನ್ನಬೇಕು, ಚಿಕ್ಕವಳು ನೆಲಕ್ಕೆ ಕೂರಬೇಕು. ಹತ್ತು ಸಲ ಹೇಳಿದರೆ ಏಳು ಸಲ ಬಂದು ಅವನ ತೊಡೆಯ ಮೇಲೆ ಕೂತಳು.

"ಕೂತ್ಕೊಂಡ್ಳಲ್ಲ, ಪಾಸ್ ಮಾಡು," ಎಂದ ಅವನು.

"ಪಾಸಿಲ್ಲ."

ಮುಂದಿನ ಶನಿವಾರ ಮೈದಾನದಲ್ಲಿ ದೊಡ್ಡವಳಿಗೆ ನಾನು ಹಾಕಿದ ನಿಯಮ ಒಂದೇ. ಹೊಡೆಯುವವರು ಕೂಗಬೇಕು, ಅಪಾಯ ಇರಲಿ ಇಲ್ಲದಿರಲಿ, ಅಭ್ಯಾಸಕ್ಕೆ. ಅವಳು ಮಾಸ್ಕಿನೊಳಗೆ ಉಸಿರು ಬಿಟ್ಟಳು, ಅಷ್ಟೆ.

"ಕೇಳಿಸ್ಲಿಲ್ಲ."

ನನ್ನ ತೋಳು ಎಳೆದು ಕಿವಿಯಲ್ಲಿ ಜಪಾನಿಯಲ್ಲಿ ಹೇಳಿದಳು: "ದೊಡ್ಡ ದನಿ ತಪ್ಪು. ಟೀಚರ್ ಹೇಳಿದ್ದಾರೆ."

"ಇಲ್ಲಿ ಟೀಚರ್ ಇಲ್ಲ. ಕೂಗಲ್ಲ ಅಂದ್ರೆ ಹೊಡೆಯೋ ಹಾಗಿಲ್ಲ."

ಅವಳು ನನ್ನ ಮಗಳು. ನೀಟಾಗಿ ದಾರಿ ಹುಡುಕಿಕೊಂಡಳು. ಗುಂಡಿಯ ಹತ್ತಿರ ಚೆಂಡನ್ನು ನೆಲದ ಮೇಲೆ ಉರುಳಿಸುವ ಹೊಡೆತಕ್ಕೆ ಯಾರೂ ಫಾ ಎನ್ನಬೇಕಾಗಿಲ್ಲ. ಉರುಳಿಸುವ ಸ್ಟಿಕ್ ಎತ್ತಿಕೊಂಡು ಮುಂದೆ ಹೋಗಿ ಧ್ವಜದ ಪಕ್ಕ ನಿಂತು ಕಾಯತೊಡಗಿದಳು. ಏಪ್ರಿಲ್ ತಿಂಗಳು ಪೂರ್ತಿ, ಪ್ರತಿ ಶನಿವಾರ, ಅಷ್ಟೇ ಆಡಿದಳು. ನಾನು ಆರು ಸಲ ಉರುಳಿಸಿ ಹಾಕುವುದನ್ನು ಅವಳು ಎರಡರಲ್ಲಿ ಹಾಕುತ್ತಿದ್ದಳು. ದನಿ 0, 1, 0, 0. ಆ 1 ಎಂದರೆ ಜೇನುನೊಣ ಬಂದದ್ದು, ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಇವತ್ತಿಗೂ ತೀರ್ಮಾನವಾಗಿಲ್ಲ.

ಬಿಟ್ಟುಬಿಡು ಎಂದು ಗಂಡ ಹೇಳಿದ, ತಾನಾಗೇ ಸರಿಹೋಗುತ್ತದೆ ಎಂದ. ನಾನು ಬಿಡಲಿಲ್ಲ. ನನ್ನ ಮಗುವಿನ ದನಿ ಅಡಗಿದ್ದನ್ನು ಒಳ್ಳೆಯ ನಡತೆ ಎಂದು ಯಾರು ಕರೆದರೂ ಒಪ್ಪಲು ನಾನು ತಯಾರಿರಲಿಲ್ಲ.

ಮೇ 22, ಶನಿವಾರ, 9 ಗಂಟೆ 15 ನಿಮಿಷ, ಏಳನೆಯ ಗುಂಡಿ. ದೊಡ್ಡವಳು ಮುಂದೆ ಧ್ವಜದ ಬಳಿ ಸ್ಟಿಕ್ ಹಿಡಿದು ನಿಂತಿದ್ದಳು. ಚಿಕ್ಕವಳು ನನ್ನ ಹಿಂದೆ ಇದ್ದಾಳೆ ಎಂದುಕೊಂಡಿದ್ದೆ. ನೋಡಿ ಖಾತ್ರಿ ಮಾಡಿಕೊಳ್ಳಲಿಲ್ಲ, ಇದೂ ನನ್ನ ತಪ್ಪೇ. ಅವಳು ಬಲಗಡೆ ಎಪ್ಪತ್ತು ಹೆಜ್ಜೆ ಮುಂದೆ ಹೋಗಿ ಹೂ ಕೀಳುತ್ತಿದ್ದಳು. ಅಷ್ಟು ದಿನಗಳಲ್ಲಿ ಮೊದಲ ಸಲ ಚೆಂಡು ನನ್ನ ಸ್ಟಿಕ್ಕಿಗೆ ಜೋರಾಗಿ ತಗುಲಿತು, ಆದರೆ ನೇರ ಹೋಗದೆ ಬಲಕ್ಕೆ, ತುಂಬಾ ಎತ್ತರಕ್ಕೆ ಸಿಡಿಯಿತು.

ನನ್ನ ಬಾಯಿಂದ ಬಂದದ್ದು ಮೈದಾನ ಕಲಿಸಿದ ಮಾತು. "ಫಾ———!"

ಚಿಕ್ಕವಳು ತಲೆಯೆತ್ತಿ ನೋಡಿದಳು. ಹೂ ಹಿಡಿದ ಕೈ ಮುಂದೆ ಚಾಚಿ, ನಗುತ್ತಾ, ನೆಟ್ಟಗೆ ನನ್ನ ಕಡೆಗೆ, ಚೆಂಡು ಬರುತ್ತಿದ್ದ ಕಡೆಗೆ, ಓಡತೊಡಗಿದಳು.

"ಕೂತ್ಕೊಳ್ಳೇಏಏ!"

ದನಿ ಬಂದದ್ದು ಧ್ವಜದ ಕಡೆಯಿಂದ. ಮಾಸ್ಕ್ ಗಲ್ಲಕ್ಕೆ ಇಳಿದಿತ್ತು, ಸ್ಟಿಕ್ ನೆಲದಲ್ಲಿ ಬಿದ್ದಿತ್ತು. ಊಟದ ಹೊತ್ತಿನಲ್ಲಿ ತಟ್ಟೆ ಬಿಟ್ಟು ಓಡುವ ಚಿಕ್ಕವಳ ಮೇಲೆ ನಾನು ರೇಗುವ ಅದೇ ಮಾತು, ಅದೇ ಏರು, ಅದೇ ಸಿಟ್ಟು. ಚಿಕ್ಕವಳು ನಿಂತಲ್ಲೇ ದೊಪ್ಪನೆ ಕೂತಳು. ಚೆಂಡು ಅವಳ ತಲೆಯ ಮೇಲೆ ಹಾದು ಹಿಂದಿನ ಹುಲ್ಲಿನಲ್ಲಿ ಬಿತ್ತು.

ನಾನು ಓಡಿದೆ. ದೊಡ್ಡವಳೂ ಓಡಿ ಬಂದು ತಂಗಿಯ ಭುಜ ಹಿಡಿದು ಅಲುಗಾಡಿಸಿದಳು. "ಫಾ ಅಂದ್ರೆ ಬಾ ಅಲ್ಲ! ಎಷ್ಟ್ ಸಲ ಹೇಳ್ಬೇಕು ನಿಂಗೆ!" ಕನ್ನಡದಲ್ಲಿ. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮ, ನೀನ್ ನೋಡ್ಕೊಂಡ್ ಹೊಡಿ!" ಎಂದಳು. ಅದೂ ಕನ್ನಡದಲ್ಲೇ. ನಾನು ಬೆರಳು ಮಡಿಸಿದೆ. ಒಂದು, ಎರಡು, ಮೂರು, ನಾಲ್ಕು.

ಐದು ನಿಮಿಷದಲ್ಲಿ ಕೌಂಟರಿನ ಹಿರಿಯರು ಸೈಕಲ್ಲಿನಲ್ಲಿ ಬಂದರು. "ಸುಮಿಮಾಸೆನ್, ದೊಡ್ಡ ದನಿ ಸ್ವಲ್ಪ... ಈ ಪರಿಸ್ಥಿತಿಯಲ್ಲಿ... ಆಟಗಾರರೊಬ್ಬರು ಹೇಳಿದರು."

ಆ ವಾರ ನಾನು ಸುಮಿಮಾಸೆನ್ ಎಂದದ್ದು 43 ಸಲ. ಕೊಂಬಿನಿ ಅಂಗಡಿಯಲ್ಲಿ, ಲಿಫ್ಟಿನಲ್ಲಿ, ಮಗು ಕೆಮ್ಮಿದ್ದಕ್ಕೆ, ಸೀನಿದ್ದಕ್ಕೆ. ನಲವತ್ತನಾಲ್ಕನೆಯದನ್ನು ನಾನು ಹೇಳಲಿಲ್ಲ.

"ಎಲ್ಲಿದ್ದವರು ಹೇಳಿದ್ದು?" ಎಂದು ಕೇಳಿದೆ.

"ಒಂಬತ್ತನೇ ಗುಂಡಿಯ ಹತ್ತಿರ."

"ಒಂಬತ್ತರವರೆಗೂ ಕೇಳಿಸಿತಾ? ಎಷ್ಟು ಮೀಟರ್ ಆಗುತ್ತೆ?"

ಅವರು ತಬ್ಬಿಬ್ಬಾಗಿ ತಿರುಗಿ ನೋಡಿ ಅಂದಾಜು ಹಾಕಿದರು. "ಇನ್ನೂರು ಇರಬಹುದು."

ಜೇಬಿನಿಂದ ಡೈರಿ ತೆಗೆದು ಅವರ ಎದುರಿಗೇ ಬರೆದುಕೊಂಡೆ. ಇನ್ನೂರು ಮೀಟರ್. ಆಮೇಲೆ ಹೇಳಿದೆ: "ಕೂಗಬೇಕು ಅಂತ ನಿಮ್ಮ ಬೋರ್ಡಿನಲ್ಲೇ ಇದೆ."

"ಇದೆ. ಆದರೆ ಫಾ ಅಂತ."

"ಫಾ ಅಂದರೆ ನಮ್ಮ ಮಗು ಚೆಂಡಿನ ಕಡೆಗೇ ಬರುತ್ತೆ. ನಮ್ಮ ಭಾಷೆಯಲ್ಲಿ ಹತ್ತಿರ ಬಾ ಅಂದ ಹಾಗೆ ಕೇಳಿಸುತ್ತೆ."

ಅವರು ಚಿಕ್ಕವಳನ್ನು ನೋಡಿದರು, ಹುಲ್ಲಿನಲ್ಲಿ ಬಿದ್ದಿದ್ದ ಚೆಂಡನ್ನು ನೋಡಿದರು. ಮೊದಲ ದಿನ ಮೂರನೆಯ ಗುಂಡಿಯಲ್ಲಿ ಆದದ್ದು ಅವರಿಗೆ ಗೊತ್ತಿತ್ತು. "ಹಾಗಾದರೆ ಅಕ್ಕ ಏನಂತ ಕೂಗಿದಳು?"

ನಾನು ಹೇಳಿದೆ. ಅವರು ನಿಧಾನಕ್ಕೆ, "ಕು... ತ್ಕೊ... ರೇ" ಎಂದರು.

"ರೇ ಅಲ್ಲ," ಎಂದಳು ದೊಡ್ಡವಳು ಜಪಾನಿಯಲ್ಲಿ, ಮೂರು ಹೆಜ್ಜೆಗಿಂತ ಎಷ್ಟೋ ದೂರಕ್ಕೆ ಕೇಳಿಸುವಂತೆ. "ಳ್ಳೇ."

"ರೇ."

"ಳ್ಳೇ!"

ಅವರು ಸೋತು ಸೈಕಲ್ ಹತ್ತಿದರು. ಕೂಗಬೇಡಿ ಎಂದು ಮತ್ತೆ ಹೇಳಲಿಲ್ಲ, ಕೂಗಿ ಎಂದೂ ಹೇಳಲಿಲ್ಲ. ಮುಂದಿನ ಶನಿವಾರ ನಾವು ಹೋದೆವು, ಅದರ ಮುಂದಿನದಕ್ಕೂ. ಚೀಟಿ ಕೌಂಟರಿನ ಹಿಂದೆ ಹಾಗೇ ಇತ್ತು. ನಾವೂ ಹಾಗೇ ಇದ್ದೆವು. ಉರುಳಿಸುವ ಸ್ಟಿಕ್ ಬಿಟ್ಟು ದೊಡ್ಡವಳು ಹೊಡೆಯಲು ಬಂದಳು, ಚೆಂಡು ಮೂರಡಿ ಹೋದರೂ "ಕೂತ್ಕೊಳ್ಳೇ!" ಎಂದಳು. ಚಿಕ್ಕವಳು ತಪ್ಪದೆ ಕೂತಳು. ಒಂದು ದಿನ ಪಕ್ಕದ ಸಾಲಿನಲ್ಲಿದ್ದ ಅಜ್ಜಿಯೊಬ್ಬರೂ ಬೆಚ್ಚಿ ಕೂತುಬಿಟ್ಟರು. ಜುಲೈ ಕೊನೆಯ ಹೊತ್ತಿಗೆ ಶನಿವಾರದ ದನಿಯ ಲೆಕ್ಕ 60 ದಾಟಿತು. ಆಮೇಲೆ ನಾನು ಎಣಿಸುವುದನ್ನು ನಿಲ್ಲಿಸಿದೆ. ಎಣಿಕೆಯನ್ನು ನಾನಾಗಿ ನಿಲ್ಲಿಸಿದ್ದು ಅದೊಂದೇ ಸಲ.

ಶಾಲೆಯಲ್ಲಿ ಈಗಲೂ ಅವಳು ಮೆಲುದನಿಯೇ. ಟರ್ಮಿನ ಕೊನೆಯ ವರದಿಯಲ್ಲಿ "ಶಾಂತ ಸ್ವಭಾವ" ಎಂದೇ ಬಂತು. ಅವಳೇ ನನಗೆ ಓದಿ ಹೇಳಿ, "ಅವರಿಗೆ ಗೊತ್ತಿಲ್ಲ, ಪಾಪ" ಎಂದಳು. ಅವರು ಬರೆದುಕೊಳ್ಳಲಿ. ನನ್ನ ಹತ್ತಿರ ಇನ್ನೂರು ಮೀಟರ್ ಇದೆ.

ಆಗಸ್ಟಿನಲ್ಲಿ ಅವಳು ಒಂದು ಪ್ರಶ್ನೆ ಕೇಳಿದಳು: "ಅಮ್ಮ, ಚಿನ್ನಿದಾಂಡು ಆಡೋವಾಗ ಚಿನ್ನಿ ಯಾರ ತಲೆಗಾದ್ರೂ ಹೋದ್ರೆ ಕನ್ನಡದಲ್ಲಿ ಏನಂತ ಕೂಗ್ತಾರೆ?" ನನಗೆ ಗೊತ್ತಿರಲಿಲ್ಲ. ನಮ್ಮ ಬಡಾವಣೆಯಲ್ಲಿ ಹುಡುಗಿಯರನ್ನು ಅದಕ್ಕೆ ಸೇರಿಸುತ್ತಿರಲಿಲ್ಲ. ಮೈಸೂರಿನಲ್ಲಿರುವ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆವು.

"ಕೂಗೋದೇನಮ್ಮ," ಎಂದರು ಅಪ್ಪ. "ತಲೆಗೆ ಬಿದ್ದ ಮೇಲೆ ಅವನೇ ಕೂಗ್ತಿದ್ದ."

ದೊಡ್ಡವಳಿಗೆ ಈ ಉತ್ತರ ಸಾಲದು, ನನಗೂ ಸಾಲದು. ಇಷ್ಟು ಕಾಲ ಇಷ್ಟು ಊರುಗಳಲ್ಲಿ ಆಡಿದ ಆಟದಲ್ಲಿ ಎಚ್ಚರಿಸುವ ಒಂದು ಕೂಗು ಇರಲೇಬೇಕು. ಚಿನ್ನಿಯಾಗಲಿ ಲಗೋರಿಯ ಚೆಂಡಾಗಲಿ ಹಾರಿ ಬರುವಾಗ ನಿಮ್ಮ ಬೀದಿಯಲ್ಲಿ ಏನೆಂದು ಕೂಗುತ್ತಿದ್ದಿರಿ? ಬಲ್ಲವರು ಬರೆದು ತಿಳಿಸಿ. ಊರು, ಅಂದಾಜು ಇಸವಿ, ಆ ಮಾತು, ಸಾಧ್ಯವಾದರೆ ಅದು ಎಷ್ಟು ದೂರ ಕೇಳಿಸುತ್ತಿತ್ತು ಎಂಬುದನ್ನೂ ಸೇರಿಸಿ. ಡೈರಿಯಲ್ಲಿ ಅದಕ್ಕಾಗಿ ಒಂದು ಪುಟ ಖಾಲಿ ಬಿಟ್ಟಿದ್ದೇನೆ. ದಯವಿಟ್ಟು "ಬಾ" ಎಂದು ಕೇಳಿಸುವ ಮಾತು ಮಾತ್ರ ಬೇಡ.