ಕಾಸರಕದ ನೆಂಟ

ಮಗಳ ದವಡೆ ಕಚ್ಚಿಕೊಳ್ಳಬಹುದಿತ್ತು. ಬೆನ್ನು ಬಿಲ್ಲಿನ ಹಾಗೆ ಸೆಟೆಯಬಹುದಿತ್ತು. ಆಂಬುಲೆನ್ಸು ಹಿಮದಲ್ಲಿ ಸಿಕ್ಕಿಕೊಳ್ಳಬಹುದಿತ್ತು. ಬಂದರೂ ಕೆಳಬಾಗಿಲಿನ ಕೋಡ್ ನನಗೆ ಮರೆತುಹೋಗಬಹುದಿತ್ತು. ಏನು ತಿಂದಳು ಎಂದು ಆಸ್ಪತ್ರೆಯಲ್ಲಿ ಕೇಳಿದರೆ ನನ್ನಲ್ಲಿದ್ದ ಉತ್ತರ ಒಂದೇ, ಕಾಸರಕ. ಅದನ್ನು ಸ್ವೀಡನ್ನಿನ ಈ ಉಪ್ಸಾಲಾದ ಡಾಕ್ಟರು ಯಾವ ಪುಸ್ತಕದಲ್ಲಿ ಹುಡುಕಬೇಕು? ಮಕ್ಕಳ ಯೋಗಕ್ಷೇಮ ನೋಡುವ ಕೊಮ್ಯೂನಿನವರು, ಅಂದರೆ ಇಲ್ಲಿನ ನಗರಸಭೆಯವರು, ಬಂದು, ಮಗುವಿಗೆ ವಿಷದ ಕಾಯಿ ತಿನ್ನಲು ಬಿಟ್ಟ ಅಪ್ಪ ಎಂದು ಬರೆದುಕೊಂಡು ಹೋಗಬಹುದಿತ್ತು. ನನ್ನ ತಲೆಯಲ್ಲಿ ಇಷ್ಟೆಲ್ಲ ನಡೆದು ಮುಗಿದಾಗ ನಾನಿನ್ನೂ ಒಂದೇ ಶೂ ಬಿಚ್ಚಿದ್ದೆ.

ಆ ಶನಿವಾರ ಅಂಗಡಿಯಿಂದ ಬಂದಾಗ ಅಡಿಗೆಮನೆಯ ಮೇಜಿನ ಮೇಲೆ ಒಡೆದ ಹಣ್ಣೊಂದಿತ್ತು. ಕಿತ್ತಳೆಯ ಗಾತ್ರ, ಬೇಲದ ಕಾಯಿಯಂಥ ಗಟ್ಟಿ ಚಿಪ್ಪು, ಕಂದು ತಿರುಳು, ಅದರ ತುಂಬ ಅಂಗಿಯ ಗುಂಡಿಯಂಥ ಚಪ್ಪಟೆ ಬೀಜ.

“ಎಂತ ಇದು?”

“ಹಣ್ಣು. ಕೆಳಗಿನ ಮನೆಯವರು ಊರಿಂದ ತಂದದ್ದು,” ಎಂದಳು ಹೆಂಡತಿ. “ಇವಳು ಅರ್ಧ ಖಾಲಿ ಮಾಡಿ ಆಯ್ತು. ಅನಾನಸಿನ ಹಾಗೆ ಉಂಟಂತೆ.”

ಕೆಳಗಿನ ಮನೆಯವರು ಜಿಂಬಾಬ್ವೆಯ ಹೆಂಗಸು, ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದರು. ಇಡೀ ಕಟ್ಟಡದಲ್ಲಿ ಫೋನ್ ಮಾಡದೆ ನಮ್ಮ ಮನೆಗೆ ಬರುತ್ತಿದ್ದವರು ಅವರೊಬ್ಬರೇ.

ನಾನು ಕರಾವಳಿಯವನು. ನಮ್ಮಲ್ಲಿ ಆಟಿ ಅಮಾವಾಸ್ಯೆಯ ದಿನ, ಅಂದರೆ ಆಷಾಢದ ಅಮಾವಾಸ್ಯೆಗೆ, ಬೆಳಕು ಹರಿಯುವ ಮೊದಲೇ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಕುಡಿಯುತ್ತಾರೆ. ಕತ್ತಲಲ್ಲಿ ತಪ್ಪಿ ವಿಷದ ಮರವಾದ ಕಾಸರಕದ ತೊಗಟೆ ತಂದರೆ ಮನೆಮಂದಿಯೆಲ್ಲ ಒಟ್ಟಿಗೇ ಹೋದ ಹಾಗೆ. ಅದಕ್ಕೆ ಅಪ್ಪ ಹಿಂದಿನ ದಿನವೇ ಹಾಲೆ ಮರಕ್ಕೆ ದಾರ ಕಟ್ಟಿ ಬರುತ್ತಿದ್ದರು. ಆ ದಾರವನ್ನು ಯಾರಾದರೂ ಬಿಚ್ಚಿ ಪಕ್ಕದ ಮರಕ್ಕೆ ಕಟ್ಟಿದ್ದರೆ ಎಂಬುದು ನನ್ನ ಬಾಲ್ಯದ ಚಿಂತೆ. ಹೀಗಾಗಿ ಹಾಲೆಯನ್ನು ಗುರುತಿಸಲು ನಾನು ಕಲಿಯಲೇ ಇಲ್ಲ, ಕಾಸರಕವನ್ನು ಮಾತ್ರ ಬಾಯಿಪಾಠ ಮಾಡಿದೆ: ಎದುರುಬದುರು ಎಲೆ, ಬುಡದಿಂದಲೇ ಕವಲೊಡೆಯುವ ನರ, ಗುಂಡಿಯಂಥ ಬೀಜ.

“ಬೀಜ ನುಂಗಿದ್ಯಾ ಮಗಾ?”

ಕೆಲವು, ಎಂದು ಮಗಳು ಟಿವಿಯಿಂದ ಕಣ್ಣು ತೆಗೆಯದೆ ಸ್ವೀಡಿಷ್‌ನಲ್ಲಿ ಹೇಳಿದಳು.

ಕೆಳಗೆ ಓಡಿದೆ. ಮರ ಹೇಗಿದೆ, ಎಲೆ ಹೇಗಿದೆ ಎಂದು ಕೇಳಿದ ನನ್ನ ಕುತೂಹಲಕ್ಕೆ ಅವರು ಖುಷಿಪಟ್ಟು ಡಿಜಿಟಲ್ ಕ್ಯಾಮೆರಾ ಹಿಡಿದು ಮೇಲೆ ಬಂದರು. ಪರದೆಯಲ್ಲಿ ಅವರ ತಾಯಿ ಒಂದು ಗಿಡ್ಡ ಮರದ ಕೆಳಗೆ ನಗುತ್ತ ನಿಂತಿದ್ದರು. ನಾನು ತಾಯಿಯನ್ನು ಪಕ್ಕಕ್ಕೆ ಸರಿಸಿ ಎಲೆಯನ್ನು ಹಿಗ್ಗಿಸಿದೆ. ಎದುರುಬದುರು. ನರ ಬುಡದಿಂದಲೇ. ಇನ್ನೂ ಹಿಗ್ಗಿಸಿದರೆ ಎಲೆ ಹೋಗಿ ಹಸಿರು ಚೌಕಗಳಷ್ಟೇ ಉಳಿದವು.

“ನಮ್ಮಲ್ಲಿ ಇದಕ್ಕೆ ಮತಾಂಬ ಅನ್ನುತ್ತೇವೆ,” ಎಂದರು ಅವರು.

ಕಂಪ್ಯೂಟರಿನಲ್ಲಿ ಆ ಹೆಸರು ಹುಡುಕಿದೆ. ಮತಾಂಬವೂ ಕಾಸರಕವೂ ಒಂದೇ ಕುಲದ ಮರಗಳು. ಬದುಕಿನಲ್ಲಿ ಮೊದಲ ಬಾರಿ ನನ್ನ ಭಯ ಸರಿಯಾಗಿತ್ತು. ತಿರುಳನ್ನು ಎಲ್ಲರೂ ತಿನ್ನುತ್ತಾರೆ, ಬೀಜ ಅಗಿಯಬಾರದು ಎಂದು ಕೆಳಗೆ ಬರೆದಿತ್ತು. ಅಗಿದಳೋ ಇಲ್ಲವೋ? ಮಗಳಿಗೆ ನೆನಪಿಲ್ಲ. ವಿಷದ ಸಲಹೆ ಕೊಡುವ ನಂಬರಿಗೆ ಫೋನ್ ಮಾಡಿದೆ.

“ಮಗು ಈಗ ಏನು ಮಾಡ್ತಿದೆ?”

“ಟಿವಿ ನೋಡ್ತಿದ್ದಾಳೆ.”

“ನೀವು?”

“ಅವಳನ್ನ ನೋಡ್ತಿದ್ದೇನೆ.”

“ಹಾಗೇ ನೋಡ್ತಾ ಇರಿ. ಏನಾದರೂ ಆದರೆ ತಕ್ಷಣ ಫೋನ್ ಮಾಡಿ.”

ಕಾಸರಕ ತಿಂದವರು ಸಣ್ಣ ಸದ್ದಿಗೂ ಬೆಚ್ಚಿ ಸೆಟೆಯುತ್ತಾರೆಂದು ಕೇಳಿದ್ದೆ. ಟಿವಿಯ ಸದ್ದು ಇಳಿಸಿದೆ. ಮಗಳು ಏರಿಸಿದಳು. ಮತ್ತೆ ಇಳಿಸಿದೆ.

“ಮಾರಾಯ್ರೆ, ಅವರು ಇಲ್ಲೇ ಕೂತಿದ್ದಾರೆ,” ಎಂದು ಹೆಂಡತಿ ಪಿಸುಗುಟ್ಟಿದಳು.

ಕೆಳಗಿನ ಮನೆಯವರು ಎಲ್ಲವನ್ನೂ ನೋಡುತ್ತಿದ್ದರು. ನಾನು ಫೋನಿನಲ್ಲಿ ಆಡಿದ ಸ್ವೀಡಿಷ್‌ನಲ್ಲಿ ‘ವಿಷ’ ಎಂಬ ಪದ ಎಷ್ಟು ಸಲ ಬಂತೋ, ಅಷ್ಟೂ ಅವರಿಗೆ ಅರ್ಥವಾಗಿತ್ತು. ಮೇಜಿನ ಮೇಲಿದ್ದ ಉಳಿದರ್ಧ ಹಣ್ಣನ್ನು ಎಳೆದುಕೊಂಡು, ಚಮಚೆಯಲ್ಲಿ ತೆಗೆದು, ಬೀಜವನ್ನು ಚೀಪಿ ಚೀಪಿ ತಟ್ಟೆಗೆ ಹಾಕುತ್ತ, ನನ್ನ ಮುಖ ನೋಡುತ್ತಲೇ ಪೂರ್ತಿ ತಿಂದರು.

“ನನಗೆ ಮೊಲೆಹಾಲು ಬಿಡಿಸಿದ್ದು ಈ ಹಣ್ಣು ಕೊಟ್ಟೇ,” ಎಂದರು.

ಏನಾದರೂ ಹೇಳಬೇಕಿತ್ತು. ನನ್ನ ಬಾಯಿಗೆ ಬಂದದ್ದು, “ನಮ್ಮೂರಲ್ಲಿ ಇದರದ್ದೇ ಒಬ್ಬ ನೆಂಟ ಇದ್ದಾನೆ, ತುಂಬ ಕೆಟ್ಟವನು.” ಅವರು ನಗಲಿಲ್ಲ. ಕ್ಯಾಮೆರಾ ಎತ್ತಿಕೊಂಡು ಇಳಿದು ಹೋದರು.

ಮಗಳಿಗೆ ಏನೂ ಆಗಲಿಲ್ಲ. ಭಾನುವಾರ ಎದ್ದವಳೇ ಆ ಹಣ್ಣು ಇನ್ನೂ ಇದೆಯಾ ಎಂದು ಕೇಳಿದಳು. ಹೆಂಡತಿ ದೋಸೆ ತೆಗೆದುಕೊಂಡು ಕೆಳಗೆ ಹೋಗಿ ಬಂದಳು. ನಾನೂ ಹೋಗಿ ಕ್ಷಮೆ ಕೇಳಿದೆ. “ಅಪ್ಪ ಅಂದಮೇಲೆ ಹೆದರಿಕೆ ಇದ್ದದ್ದೇ,” ಎಂದು ಅವರು ನನಗೇ ಸಮಾಧಾನ ಹೇಳಿದರು.

ಮುಂದಿನ ಸಲ ಅವರು ಊರಿಗೆ ಹೋಗಿ ಬಂದಾಗ ಮೆಟ್ಟಿಲಲ್ಲಿ ಸಿಕ್ಕರು. ಮಗಳಿಗೆಂದು ನನ್ನ ಕೈಗೆ ಅಂಗಡಿಯ ಬಿಸ್ಕತ್ತಿನ ಪೊಟ್ಟಣ ಕೊಟ್ಟರು. ಒಳಗೆ ಏನೇನು ಹಾಕಿದ್ದಾರೆಂದು ಅಚ್ಚಾಗಿದ್ದ ಮಗ್ಗುಲನ್ನು, ನನಗೆ ಓದಲು ಬರುವ ಹಾಗೆ, ಮೇಲೆ ತಿರುಗಿಸಿ ಕೊಟ್ಟರು.